ಸರ್ವೋತ್ತಮ ಮಾಸ್ಟ್ರ ಮಾದರಿ ವಾಚನ

ಸರ್ವೋತ್ತಮ ಶೆಟ್ಟಿ ಮಾಸ್ಟ್ರ ಗಂಟಲು ಕೈಕೊಟ್ಟದ್ದು ಆಟಿ ತಿಂಗಳ ಒಂದು ಸೋಮವಾರ. ಕೈಕೊಡದೆ ಇನ್ನೇನು ಮಾಡೀತು ಪಾಪ! ಮಳೆಗಾಲ ಬಂತೆಂದರೆ ಊರಿಡೀ ತಾಳಮದ್ದಲೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕುಳಿತು ಮಾತಾಡುವುದೊಂದೇ. ಮಾತಾಡುವುದೆಂದರೆ ಮಾಸ್ಟ್ರಿಗೆ ಊಟ ಬೇಡ, ನಿದ್ದೆ ಬೇಡ. ಹಿಂದಿನ ದಿನ ದೇರೆಬೈಲಿನ ಸಭಾಭವನದಲ್ಲಿ ಭೀಷ್ಮನಾಗಿ ಗುಡುಗಿ ಬಂದವರು ಬೆಳಿಗ್ಗೆ ಎದ್ದು ಹೆಂಡತಿಯನ್ನು ಕರೆದರೆ ಬಾಯಿಂದ ಬರೀ ಗಾಳಿ ಬಂತು.

ಡಾಕ್ಟರು ಟಾರ್ಚು ಹಿಡಿದು ನೋಡಿ, ಒಂದು ವಾರ ಪಿಸುಮಾತೂ ಕೂಡದು, ಹಟ ಮಾಡಿದರೆ ಸ್ವರ ಪೂರ್ತಿ ಹೋದೀತು ಎಂದು ಹೆದರಿಸಿ ಕಳಿಸಿದರು.

"ಒಳ್ಳೇದಾಯ್ತು. ನನ್ನ ಕಿವಿಗೂ ಒಂದು ವಾರ ರಜೆ," ಎಂದರು ಹೆಂಡತಿ ಸುಂದರಿ. "ಶಾಲೆಗೂ ರಜೆ ಹಾಕಿ ಮಾರಾಯ್ರೆ. ಮಾತಾಡ್ಲಿಕ್ಕೆ ಆಗದ ಮಾಸ್ಟ್ರು ಅಲ್ಲಿಗೆ ಹೋಗಿ ಎಂತ ಮಾಡ್ಲಿಕ್ಕುಂಟು?"

ರಜೆ ಹಾಕಬಹುದಿತ್ತು. ಹಾಕಲಿಲ್ಲ. ಶನಿವಾರ ಸಫಿಯಾ ಬರುವವಳಿದ್ದಳು.

ಈ ಸಫಿಯಾ ಯಾರೆಂದರೆ, ಏಳನೇ ಕ್ಲಾಸಿನ ನಜ್ಲಾಳ ತಾಯಿ. ಮಾಸ್ಟ್ರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಶಾಲೆಯಲ್ಲಿ ಅವರ ಕೈಕೆಳಗೆ ಕಲಿತವಳು. ಆಮೇಲೆ ಮಾಸ್ಟ್ರು ಜಿಲ್ಲೆಯೆಲ್ಲ ಸುತ್ತಿ, ವರ್ಗವಾಗಿ ಮತ್ತೆ ಇಲ್ಲಿಗೇ ಬಂದಾಗ ಅವಳ ಮಗಳು ಬೆಂಚಿನಲ್ಲಿ ಕುಳಿತಿದ್ದಳು. ಗಂಡ ಝಕರಿಯಾ ಸೌದಿಯ ಜುಬೈಲಿನಲ್ಲಿ ಅಂಗಡಿ ನೋಡಿಕೊಳ್ಳುತ್ತಾನೆ. ಸಫಿಯಾಳ ತಮ್ಮ ಇಜಾಝ್, ಮಗುವನ್ನು ಬಿಕರ್ನಕಟ್ಟೆ ಕಡೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಬೇಕೆಂದು ಬೆನ್ನು ಬಿದ್ದಿದ್ದ. ಅಲ್ಲಿ ಒಂದು ಸೀಟು ಉಂಟಂತೆ, ಶನಿವಾರದೊಳಗೆ ಹೇಳಬೇಕಂತೆ. ಹೋದ ವರ್ಷವೂ ಹೀಗೆ ಹೊರಟಿದ್ದವಳನ್ನು ತಡೆದದ್ದು ಮಾಸ್ಟ್ರೇ. "ನಿನ್ನ ಮಗಳ ಕನ್ನಡ ಕೇಳಿದ್ದೀಯಾ ಸಫಿಯಾ? ಅದನ್ನು ಹಾಳು ಮಾಡ್ಬೇಡ. ನನ್ನ ಮೇಲೆ ನಂಬಿಕೆ ಇಡು," ಎಂದಿದ್ದರು. ಅವಳು ಇಟ್ಟಳು. ಈ ಸಲವೂ ಸರ್ ಹೇಳಿದ ಹಾಗೆ ಎಂದು ವಾಯ್ಸ್ ಮೆಸೇಜು ಕಳಿಸಿದ್ದಳು.

ಮಾಸ್ಟ್ರಿಗೆ ಹೆಮ್ಮೆಪಡಲು ಉಳಿದಿದ್ದದ್ದೂ ನಜ್ಲಾ ಒಬ್ಬಳೇ. ಉಳಿದದ್ದರ ಮೇಲೆಲ್ಲ ಅವರಿಗೆ ಜಿಗುಪ್ಸೆ ಬಂದು ಹೋಗಿತ್ತು. ತಮ್ಮಂದಿರು ಹೋಟೆಲು ಮಾಡಿ ಮನೆ ಮೇಲೆ ಮನೆ ಕಟ್ಟಿದರು. ಇವರು ಕನ್ನಡ ಕಲಿಸುತ್ತೇನೆ ಎಂದು ಎದೆಯುಬ್ಬಿಸಿ ಸರ್ಕಾರಿ ಶಾಲೆಗೆ ಹೊರಟವರು. ಈಗ ನೋಡಿದರೆ ಕಲಿಸುವುದಕ್ಕೇ ಪುರುಸೊತ್ತಿಲ್ಲ. ಮೊಟ್ಟೆ ಕೊಟ್ಟ ಫೋಟೋ ಹಾಕು, ಬಾಳೆಹಣ್ಣು ತಿಂದವರ ಲೆಕ್ಕ ಹಾಕು, ಶೂ ಹಾಕಿದ ಕಾಲಿನ ಫೋಟೋ ಹಾಕು, ತರಬೇತಿಗೆ ಹೋಗು, ತರಬೇತಿಗೆ ಹೋದದ್ದರ ಫೋಟೋ ಹಾಕು! ವಾಮಂಜೂರಿನ ಗದ್ದೆಗಳಲ್ಲಿ ಕಾಲೇಜುಗಳು ಎದ್ದುವು, ಹಳದಿ ಬಸ್ಸುಗಳು ಮನೆ ಬಾಗಿಲಿಗೇ ಬಂದು ಮಕ್ಕಳನ್ನು ಹೊತ್ತುಕೊಂಡು ಹೋದುವು, ಶಾಲೆಯಲ್ಲಿ ಬೆಂಚುಗಳು ಖಾಲಿ ಬಿದ್ದುವು. ಯಾರನ್ನೂ ಫೇಲು ಮಾಡುವ ಹಾಗಿಲ್ಲ. ಹಾಗಾಗಿ ಪರೀಕ್ಷೆಯ ದಿನ ಮಾಸ್ಟ್ರೇ ಪ್ರಶ್ನೆ ಓದಿ ಹೇಳುವುದು, ಮಾಸ್ಟ್ರೇ ಉತ್ತರವನ್ನು ಬೋರ್ಡಿಗೆ ಬರೆಯುವುದು, ಮಕ್ಕಳು ಅದನ್ನು ನೋಡಿ ಬರೆಯುವುದು. ನಾಚಿಕೆಯಾಗುತ್ತಿತ್ತು, ಮೊದಮೊದಲು. ಆಮೇಲೆ ಅದೂ ಅಭ್ಯಾಸವಾಯಿತು.

ಇಷ್ಟೆಲ್ಲ ಇದ್ದರೂ ಒಂದು ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಅದು ಮಾದರಿ ವಾಚನ. ಪಾಠವನ್ನು ಮೊದಲು ಮಾಸ್ಟ್ರು ಓದಬೇಕು, ಆಮೇಲೆ ಮಕ್ಕಳು. ಎಲ್ಲ ಶಾಲೆಯಲ್ಲೂ ಇರುವ ಕ್ರಮವೇ. ಆದರೆ ಇವರ ಓದು ಅಂದರೆ ಅರ್ಧ ತಾಳಮದ್ದಲೆ. ರಾಜ ಬಂದರೆ ರಾಜನ ಸ್ವರ, ಮುದುಕಿ ಬಂದರೆ ಮುದುಕಿಯ ಸ್ವರ. ಒಂದು ಪಾಠವನ್ನು ಎರಡು ಸಲ, ಮೂರು ಸಲ, ಮಕ್ಕಳು ಕಣ್ಣು ಮಿಟುಕಿಸದೆ ಕೇಳುವಂತೆ ಓದುವರು. ಮರುದಿನ ನಜ್ಲಾ ಎದ್ದು ನಿಲ್ಲುವಳು. ಮನೆಯಲ್ಲಿ ಬ್ಯಾರಿ ಭಾಷೆ ಬಿಟ್ಟು ಬೇರೆ ಕೇಳದ ಹುಡುಗಿ, ಸಾಲಿನ ಕೆಳಗೆ ಬೆರಳಿಟ್ಟು, ಎಲ್ಲಿ ಏರಬೇಕೋ ಅಲ್ಲಿ ಏರಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಸರಿಯಾದ ಹೊತ್ತಿಗೆ ಪುಟ ಮಗುಚಿ ಓದುವುದನ್ನು ಕೇಳಿದರೆ ಮಾಸ್ಟ್ರ ಕಣ್ಣು ತೇವವಾಗುತ್ತಿತ್ತು. ಇಲಾಖೆಯಿಂದ ಯಾರು ಬಂದರೂ ಅವಳನ್ನೇ ಎಬ್ಬಿಸಿ ನಿಲ್ಲಿಸುವರು. "ನಜ್ಲಾ ನಮ್ಮ ಶಾಲೆಯ ಹೆಮ್ಮೆ. ಇವಳ ಹಾಗೆ ಓದುವವರು ಇಡೀ ತಾಲೂಕಿನಲ್ಲಿ ಇಲ್ಲ," ಎನ್ನುವರು. ಬಂದವರು ತಲೆದೂಗಿ, ಚಾ ಕುಡಿದು ಹೋಗುವರು.

ಅಂತೂ ಆ ಸೋಮವಾರ ಮಾಸ್ಟ್ರು ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು ಏಳನೇ ಕ್ಲಾಸಿಗೆ ಬಂದರು. ಬೋರ್ಡಿನ ಮೇಲೆ 'ಗಂಟಲು ಸರಿ ಇಲ್ಲ. ಹೊಸ ಪಾಠವನ್ನು ನಜ್ಲಾ ಓದುತ್ತಾಳೆ' ಎಂದು ಬರೆದರು.

"ಗಂ... ಟ... ಲು... ಸ... ರಿ..." ಎಂದು ಕೊನೆಯ ಬೆಂಚಿನಿಂದ ಮನ್ವಿತಾ ಎಂಬವಳು ಶುರು ಮಾಡಿದಳು. ಅವಳದು ಯಾವಾಗಲೂ ಇದೇ ಗೋಳು. ಒಂದೊಂದೇ ಅಕ್ಷರ ಹೆಕ್ಕಿ ಹೆಕ್ಕಿ ಜೋಡಿಸುವುದು. ಕೇಳಿದರೆ ಮಾಸ್ಟ್ರಿಗೆ ಮೈಯೆಲ್ಲ ಉರಿಯುತ್ತಿತ್ತು. "ಕೂತ್ಕೋ ಮಾರಾಯ್ತಿ, ಭಾಷೆಯನ್ನು ಕೊಲ್ಬೇಡ," ಎಂದು ಎಷ್ಟು ಸಲ ಕೂರಿಸಿದ್ದರೋ. ಅವತ್ತು ಬೈಯಲು ಸ್ವರವಿಲ್ಲದ್ದರಿಂದ ಮನ್ವಿತಾ ತಡವರಿಸುತ್ತಾ ಕೊನೆಯವರೆಗೂ ಓದಿ ಮುಗಿಸಿದಳು. ತನ್ನ ಹೆಸರು ಕೇಳಿದ ಮೇಲೆ ನಜ್ಲಾ ಎದ್ದು ನಿಂತಳು.

"ಮೊದಲು ನೀವು ಓದಿ ಸರ್," ಎಂದಳು.

ಮಾಸ್ಟ್ರು ಗಂಟಲು ಮುಟ್ಟಿ ತೋರಿಸಿದರು.

"ಹಾಗಾದ್ರೆ ನಿಮಗೆ ಹುಷಾರಾದ ಮೇಲೆ ಓದುವ ಸರ್."

ಎಂತಹ ವಿನಯ ಈ ಹುಡುಗಿಯದ್ದು ಎಂದುಕೊಂಡು ಮಾಸ್ಟ್ರು ಓದು, ಓದು ಎಂದು ಕೈಸನ್ನೆ ಮಾಡಿದರು. ಪಾಠ ಜೇನುಹುಳುಗಳದ್ದು; ಪುಟದ ತುಂಬ ಹಳದಿ ಹುಳುಗಳ ಚಿತ್ರ. ನಜ್ಲಾ ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಬೆರಳು ಜರುಗಿಸುತ್ತಾ, "ಮಹಾರಾಜರೇ, ನಾನು ಭಿಕ್ಷೆ ಬೇಡಲು ಬಂದವಳಲ್ಲ. ನ್ಯಾಯ ಕೊಡಿ, ಇಲ್ಲವೇ ಸಿಂಹಾಸನ ಬಿಟ್ಟು ಇಳಿಯಿರಿ," ಎಂದು ಶುರು ಮಾಡಿದಳು.

ಅದು ಹೋದ ವಾರದ ಪಾಠ. ಪುಟ ತಪ್ಪಿರಬೇಕೆಂದು ಮಾಸ್ಟ್ರು ಹತ್ತಿರ ಹೋಗಿ ಬಗ್ಗಿ ನೋಡಿದರು. ಪುಟ ಸರಿಯಾಗಿಯೇ ಇತ್ತು. ಬೆರಳು ಜೇನುಗೂಡಿನ ಮೇಲೆ ಹರಿಯುತ್ತಿತ್ತು, ಬಾಯಿ ರಾಜನ ಆಸ್ಥಾನದಲ್ಲಿತ್ತು. ಮಾಸ್ಟ್ರು ಪುಟ ಮಗುಚಿದರು. ಅವಳು ನಿಲ್ಲಲಿಲ್ಲ, ಮುದುಕಿಯ ಮಾತಿನಿಂದ ಮಂತ್ರಿಯ ಮಾತಿಗೆ ಹೋದಳು. ಸ್ವರ ಮಾಸ್ಟ್ರದ್ದೇ, ಏರಿಳಿತ ಮಾಸ್ಟ್ರದ್ದೇ.

"ಸರ್, ಅದು ಈ ಪಾಠದ್ದಲ್ಲ," ಎಂದಳು ಹಿಂದಿನಿಂದ ಮನ್ವಿತಾ.

ಮಾಸ್ಟ್ರು ಬೋರ್ಡಿಗೆ ಹೋಗಿ 'ಬೆಕ್ಕು ಹಾಲು ಕುಡಿಯಿತು' ಎಂದು ಬರೆದು ನಜ್ಲಾಳ ಕಡೆ ತಿರುಗಿದರು. ಅವಳು ಬೋರ್ಡನ್ನು ನೋಡಿದಳು, ಮಾಸ್ಟ್ರನ್ನು ನೋಡಿದಳು. ಒಂದೊಂದೇ ಅಕ್ಷರಕ್ಕೆ ಬೆತ್ತ ಇಟ್ಟು ತೋರಿಸಿದರೆ 'ಲ' ಎಂದಳು, 'ಹ' ಎಂದಳು, ಉಳಿದದ್ದಕ್ಕೆ ತಡವರಿಸಿದಳು. ಹಾಲು ಎಂದು ಕೂಡಿಸಲಿಕ್ಕೆ ಬರಲಿಲ್ಲ. ಬೆಕ್ಕಿನ ಹತ್ತಿರವಂತೂ ಹೋಗಲೇ ಇಲ್ಲ.

ಮಧ್ಯಾಹ್ನ ಆಫೀಸು ರೂಮಿನಲ್ಲಿ ಅತಿಥಿ ಶಿಕ್ಷಕಿ ಶೆರಿಲ್ ಟೀಚರ್ ಮೊಟ್ಟೆಯ ಫೋಟೋ ಅಪ್‌ಲೋಡ್ ಆಗಲಿಲ್ಲವೆಂದು ಮೊಬೈಲನ್ನು ಕಿಟಕಿಯ ಹೊರಗೆ ಹಿಡಿದು ನಿಂತಿದ್ದಳು. ಮಾಸ್ಟ್ರು ಒಂದನೇ ಕ್ಲಾಸಿನಿಂದ ಸ್ಲೇಟು ತಂದು, 'ನಜ್ಲಾಳಿಗೆ ಓದಲು ಬರುವುದಿಲ್ಲ!' ಎಂದು ಬರೆದು ಅವಳ ಮುಂದೆ ಹಿಡಿದರು.

ಶೆರಿಲ್ ಓದಿದಳು. "ಹೌದು ಸರ್," ಎಂದಳು.

'ನಿಮಗೆ ಗೊತ್ತಿತ್ತಾ?' ಎಂದು ಮತ್ತೆ ಬರೆದರು.

"ಗೊತ್ತಿಲ್ಲದೆ ಎಂತ ಸರ್? ಹೋದ ವರ್ಷ ನಾನು ಸಮಾಜ ಪಾಠ ಓದಿಸಿದಾಗಲೇ ಗೊತ್ತಾಯ್ತು. ನಿಮಗೂ ಗೊತ್ತುಂಟು ಅಂತ ನಾನು ಎಣಿಸಿದ್ದು." ಅವಳು ಸ್ವಲ್ಪ ಸಂಕೋಚದಿಂದ ನಕ್ಕಳು. "ಆಫೀಸರು ಬರುವಾಗ ಅವಳನ್ನೇ ನಿಲ್ಲಿಸ್ತೀರಲ್ಲ? ಬೇಕಂತಲೇ ಮಾಡುವುದು ಅಂತ ಎಣಿಸಿದೆ. ಒಳ್ಳೆ ಐಡಿಯಾ, ಸರ್ ಭಾರೀ ಹುಷಾರು ಅಂತ ಮನೆಯಲ್ಲಿ ಕೂಡ ಹೇಳಿದ್ದೆ."

ಸ್ಲೇಟು ಕೈಯಿಂದ ಜಾರಿ ಮೇಜಿನ ಮೇಲೆ ಬಿತ್ತು. ಕಳ್ಳ ಎಂದು ಬೈದಿದ್ದರೂ ಮಾಸ್ಟ್ರಿಗೆ ಇಷ್ಟು ನೋಯುತ್ತಿರಲಿಲ್ಲ. ಮೂವತ್ತು ವರ್ಷದ ಸೇವೆಯನ್ನು ಈ ಹುಡುಗಿ ಒಂದು ಕೈಚಳಕ ಎಂದುಕೊಂಡಿದ್ದಾಳೆ, ಅದೂ ಹೊಗಳಿಕೆಯ ದನಿಯಲ್ಲಿ! ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಸಂಜೆ ಬಸ್ಸಿನಲ್ಲಿ ಕುಳಿತು ಯೋಚಿಸಿದರು. ನಜ್ಲಾ ಮೋಸ ಮಾಡಿದಳೇ? ಅಷ್ಟು ಸಣ್ಣ ಮಗು, ಎಂತ ಮೋಸ? ಇಲಾಖೆಯದ್ದು ತಪ್ಪು ಎಂದುಕೊಂಡರು. ಅದು ಸುಲಭವಾಗಿ ಹೊಂದಿಕೊಂಡಿತು, ಯಾಕೆಂದರೆ ಎಲ್ಲ ತಪ್ಪೂ ಇಲಾಖೆಗೆ ಹೊಂದಿಕೊಳ್ಳುತ್ತದೆ. ಆದರೆ ಮಾದರಿ ವಾಚನವನ್ನು ಹಾಗೆ ರಾಗವೆಳೆದು ಮಾಡಿ ಎಂದು ಇಲಾಖೆ ಹೇಳಿತ್ತೇ? ತಾನು ಓದದೇ ಇದ್ದ ಒಂದೇ ಒಂದು ಸಾಲನ್ನು ಯಾವ ಮಗುವಿನಿಂದಾದರೂ ಎಂದಾದರೂ ಓದಿಸಿದ್ದೇನೆಯೇ ಎಂದು ನೆನಪು ಮಾಡಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಬಿಕರ್ನಕಟ್ಟೆಯಲ್ಲಿ ಇಳಿಯಬೇಕಾದವರು ಮುಂದೆ ಹೋಗಿಬಿಟ್ಟರು, ಮಳೆಯಲ್ಲಿ ತಿರುಗಿ ನಡೆದುಕೊಂಡು ಬಂದರು.

ಆ ವಾರವಿಡೀ ಮಾಸ್ಟ್ರು ಮಾತಿಲ್ಲದೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬೋರ್ಡಿನ ಮುಂದೆ ನಿಲ್ಲಿಸಿದರು. ನಿಲ್ಲಿಸಿದಷ್ಟೂ ಗೊಂದಲ ಹೆಚ್ಚಾಯಿತು. ಇಂಪಾಗಿ ಓದುತ್ತಾರೆಂದು ತಾವು ಬೆನ್ನು ತಟ್ಟಿದವರು ಬಾಯಿ ಬಿಡಲಿಲ್ಲ. ಮನ್ವಿತಾ ಮಾತ್ರ ಜೇನುಹುಳುವಿನ ಪಾಠವನ್ನು ಎಡವಿ, ಬಿದ್ದು, ಎದ್ದು, ಒಂದು ಪುಟ ಪೂರ್ತಿ ಓದಿದಳು. ಓದಿ ಮುಗಿಸಿ, ಇನ್ನು ಬೈಗಳು ಬರುತ್ತದೆಂದು ತಲೆ ತಗ್ಗಿಸಿ ನಿಂತಳು. ಅವಳಿಗೆ ಏನು ಹೇಳಬೇಕೆಂದು ಮಾಸ್ಟ್ರಿಗೆ ಹೊಳೆಯಲಿಲ್ಲ. ಸ್ವರವಿದ್ದಿದ್ದರೂ ಹೊಳೆಯುತ್ತಿರಲಿಲ್ಲವೇನೋ.

ಶುಕ್ರವಾರ ಶೆರಿಲ್ ನಜ್ಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಯವಾಗಿ ಕೇಳಿದಳು. ಮಾಸ್ಟ್ರು ಮೇಜಿನ ಆಚೆ ಕುಳಿತು ಕೇಳುತ್ತಿದ್ದರು.

"ಮನ್ವಿತಾ ಓದ್ತಾಳಲ್ಲ ನಜ್ಲಾ, ಅಕ್ಷರ ಅಕ್ಷರ ಕೂಡಿಸಿ. ನೀನೂ ಹಾಗೆ ಯಾಕೆ ಮಾಡುವುದಿಲ್ಲ?"

ನಜ್ಲಾಳಿಗೆ ಪ್ರಶ್ನೆಯೇ ವಿಚಿತ್ರ ಕಂಡಿತು. "ಅದು ಸರಿ ಅಲ್ಲ ಟೀಚರ್. ಮೊದಲು ನಾನೂ ಹಾಗೆ ಮಾಡ್ತಿದ್ದೆ. ಹಾಗೆ ಓದಿದ್ರೆ ಸರ್ ಬೈತಾರೆ, ಕೂರಿಸ್ತಾರೆ. ಸರ್ ಓದಿದ ಹಾಗೆ ಓದ್ಬೇಕು. ಅದಕ್ಕೆ ಬಿಟ್ಟೆ."

ಶೆರಿಲ್ ಮಾಸ್ಟ್ರ ಮುಖ ನೋಡಲಿಲ್ಲ. ಮೊಬೈಲು ತೆಗೆದು ಯಾವುದೋ ಫೋಟೋ ಹುಡುಕಲು ಶುರು ಮಾಡಿದಳು. ಮಾಸ್ಟ್ರಿಗೆ ಎದ್ದು ಓಡಿಹೋಗಬೇಕೆನ್ನಿಸಿತು, ಎಲ್ಲಿಗೆ ಎಂದು ಗೊತ್ತಾಗಲಿಲ್ಲ.

ಶನಿವಾರ ಅರ್ಧ ದಿನ. ಮಕ್ಕಳು ಹೋದ ಮೇಲೆ ಸಫಿಯಾ ಕೊಡೆ ಮಡಚಿ ಮೂಲೆಗೆ ಒರಗಿಸಿ ಏಳನೇ ಕ್ಲಾಸಿಗೆ ಬಂದಳು. ಜೊತೆಗೆ ನಜ್ಲಾ. ಸಫಿಯಾ ಇಂದಿಗೂ ಮಾಸ್ಟ್ರ ಎದುರು ಬೆಂಚಿನಲ್ಲಿ ಕೂರುವವಳಲ್ಲ.

"ಸ್ವರ ಹೋಗಿದೆಯಂತೆ ಸರ್? ಬಿಸಿನೀರಿಗೆ ಕಾಳುಮೆಣಸು ಹಾಕಿ ಕುಡೀರಿ," ಎಂದಳು. "ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇಜಾಝ್ ಫೋನು ಮಾಡಿ ಮಾಡಿ ತಲೆ ತಿಂತಿದ್ದಾನೆ. ಕಳಿಸ್ಲಾ, ಬೇಡ್ವಾ? ನೀವು ಹೂಂ ಅಂದ್ರೆ ಹೂಂ, ಬೇಡ ಅಂದ್ರೆ ಬೇಡ."

ಮಾಸ್ಟ್ರು ಹಿಂದಿನ ದಿನವೇ ನಿಶ್ಚಯಿಸಿದ್ದರು. ಇನ್ನು ಮುಚ್ಚಿಡುವುದಿಲ್ಲ. ಮಗು ಬೇರೆ ಶಾಲೆಗೆ ಹೋಗಲಿ, ಇಲ್ಲಿಯೇ ಇರಲಿ, ತಾಯಿಗೆ ನಿಜ ಗೊತ್ತಿರಬೇಕು. ಸ್ಲೇಟಿನಲ್ಲಿ ಹಿಡಿಸುವ ಮಾತಲ್ಲವೆಂದು ಬೋರ್ಡಿಗೆ ಹೋದರು. ತಮ್ಮ ದುಂಡಗಿನ ಅಕ್ಷರದಲ್ಲಿ, ಒಂದೂ ಒತ್ತು ಬಿಡದೆ ಬರೆದರು: 'ಸಫಿಯಾ, ನಾನು ಹೇಳಿದ್ದು ತಪ್ಪು. ನಜ್ಲಾಳಿಗೆ ಓದಲು ಬರುವುದಿಲ್ಲ. ನಾನು ಕಲಿಸಲಿಲ್ಲ.' ಬರೆದು ಬದಿಗೆ ಸರಿದು ನಿಂತರು. ಅಳುತ್ತಾಳೆಯೇ, ಬೈಯುತ್ತಾಳೆಯೇ? ಬೈದರೆ ಒಳ್ಳೆಯದು ಎಂದುಕೊಂಡರು.

ಸಫಿಯಾ ಬೋರ್ಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅವಳ ಮುಖ ಅರಳಿತು.

"ನಿಮ್ಮ ಅಕ್ಷರ ಈಗಲೂ ಹಾಗೇ ಉಂಟಲ್ಲ ಸರ್, ಮುತ್ತಿನ ಹಾಗೆ," ಎಂದಳು. ಆಮೇಲೆ ಮಗಳ ಬೆನ್ನು ಮುಟ್ಟಿ, "ಓದು ಮಗಳೆ, ಸರ್ ಎಂತ ಬರೆದದ್ದು ಅಂತ," ಎಂದಳು.

ನಜ್ಲಾ ಮುಂದೆ ಬಂದಳು. ಬೋರ್ಡಿನ ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಒಮ್ಮೆ ಮಾಸ್ಟ್ರನ್ನು ನೋಡಿದಳು. ಅವರ ಬಾಯಿ ಮುಚ್ಚಿತ್ತು. ಮಾಸ್ಟ್ರು ತನ್ನ ವಿಷಯದಲ್ಲಿ ಎಲ್ಲರ ಮುಂದೆ ಯಾವಾಗಲೂ ಹೇಳುವುದು ಒಂದೇ ತಾನೇ? ಬೆರಳು ಜರುಗಿಸುತ್ತಾ ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದಳು: "ನಜ್ಲಾ ನಮ್ಮ ಶಾಲೆಯ ಹೆಮ್ಮೆ. ಇವಳ ಹಾಗೆ ಓದುವವರು ಇಡೀ ತಾಲೂಕಿನಲ್ಲಿ ಇಲ್ಲ."

"ಅಲ್‌ಹಮ್ದುಲಿಲ್ಲಾ!" ಎಂದಳು ಸಫಿಯಾ. ಕಣ್ಣು ಒರೆಸಿಕೊಂಡಳು. "ಸಾಕು ಸರ್. ಇಲ್ಲೇ ಇರ್ಲಿ. ಇಜಾಝ್‌ಗೆ ನಾನು ಹೇಳ್ತೇನೆ."

ಮಾಸ್ಟ್ರು ಮಗಳನ್ನು ನೋಡಲಿಲ್ಲ, ತಾಯಿಯನ್ನು ನೋಡುತ್ತಿದ್ದರು. ಅವಳು ಇನ್ನೂ ಬೋರ್ಡನ್ನೇ ನೋಡುತ್ತಾ, ಮಗಳು ಹೇಳಿದ್ದು ಅಲ್ಲಿ ಬರೆದಿದೆ ಎಂಬಂತೆ ಮೆಚ್ಚಿಗೆಯಿಂದ ತಲೆಯಾಡಿಸುತ್ತಿದ್ದಳು. ಸಫಿಯಾ, ಅವರ ಹಳೆಯ ಕ್ಲಾಸಿನ ಮೊದಲ ಬೆಂಚಿನ ಸಫಿಯಾ. ಆ ಕಾಲದಲ್ಲಿ ಸ್ವಾತಂತ್ರ್ಯ ದಿನಕ್ಕೆ ಓದಲು ನಿಲ್ಲಿಸುತ್ತಿದ್ದದ್ದು ಇವಳನ್ನೇ.

ಡಸ್ಟರು ಕೈಯ ಹತ್ತಿರವೇ ಇತ್ತು. ಒಮ್ಮೆ ಎಳೆದರೆ ಎಲ್ಲ ಸರಿ. ತಾಯಿಗೆ ಸಂತೋಷ, ಮಗಳಿಗೆ ಸಂತೋಷ, ಶಾಲೆಗೆ ಒಂದು ಮಗು ಉಳಿಯಿತು. ಇಲಾಖೆಗೆ ಗೊತ್ತಾಗುವುದಿಲ್ಲ. ಮಾಸ್ಟ್ರ ಕೈ ಡಸ್ಟರಿನ ಮೇಲೆ ಹೋಗಿ ಕುಳಿತೂ ಆಯಿತು.

"ಅಲ್ಲ," ಎಂದರು ಮಾಸ್ಟ್ರು.

ಸ್ವರ ಎಂತಹದ್ದು! ಡಬ್ಬಿಯನ್ನು ಕಲ್ಲಿಗೆ ಉಜ್ಜಿದ ಹಾಗೆ. ಸಫಿಯಾ ಬೆಚ್ಚಿ, "ಮಾತಾಡ್ಬೇಡಿ ಸರ್, ಮಾತಾಡ್ಬೇಡಿ," ಎಂದಳು. ಮಾಸ್ಟ್ರು ಕೇಳಲಿಲ್ಲ. ಬೋರ್ಡಿಗೆ ಬೆತ್ತವಿಟ್ಟು, ಒಂದೊಂದೇ ಶಬ್ದವನ್ನು ಗಂಟಲಿನಿಂದ ಕಿತ್ತು ತೆಗೆದು ಓದಿದರು.

"ಸಫಿಯಾ... ನಾನು ಹೇಳಿದ್ದು... ತಪ್ಪು. ನಜ್ಲಾಳಿಗೆ... ಓದಲು... ಬರುವುದಿಲ್ಲ..."

ಅವರ ಹಿಂದೆಯೇ ಇನ್ನೊಂದು ದನಿ ಬಂತು. ನಜ್ಲಾ ಅಭ್ಯಾಸಬಲದಿಂದ ಬೆರಳನ್ನು ಸಾಲಿನ ಕೆಳಗೆ ಓಡಿಸುತ್ತಾ, ಅವರ ಒಡಕು ಸ್ವರದಲ್ಲೇ, ಅವರು ನಿಂತಲ್ಲಿ ನಿಂತು ಹೇಳುತ್ತಿದ್ದಳು: "ನಜ್ಲಾಳಿಗೆ... ಓದಲು... ಬರುವುದಿಲ್ಲ." ಹೇಳಿ ಮುಗಿದ ಮೇಲೆ ತಾನು ಹೇಳಿದ್ದು ಏನೆಂದು ಅವಳ ಕಿವಿಗೆ ಬಿತ್ತು. ಬೆರಳು ಬೋರ್ಡಿನ ಮೇಲೆ ಹಾಗೆಯೇ ನಿಂತಿತು.

ಅಂಗಳದಲ್ಲಿ ಮಳೆ ಜೋರಾಯಿತು.

"ಹಾಗಾದ್ರೆ ನನಗೆ?" ಎಂದು ಕೇಳಿದಳು ಸಫಿಯಾ. ಸ್ವರ ತೀರ ಸಣ್ಣದಾಗಿತ್ತು. "ನಾನು ಕೂಡ ಹೀಗೆಯೇ ಅಲ್ವಾ ಸರ್ ಓದಿದ್ದು? ಶಾಲೆಯಲ್ಲಿ ಬರ್ತಿತ್ತು. ಮದುವೆ ಆದ ಮೇಲೆ ಪುಸ್ತಕ ಮುಟ್ಲಿಲ್ಲ, ಅದಕ್ಕೆ ಮರೆತುಹೋಯ್ತು ಅಂತ ಎಣಿಸಿದ್ದೆ. ಮರೆತದ್ದು ಅಲ್ವಾ?"

ಮಾಸ್ಟ್ರು ಬೆತ್ತ ಇಳಿಸಿದರು. ಈ ತಾಯಿ ಮಗಳ ನಡುವಿನ ಅಷ್ಟು ವರ್ಷಗಳಲ್ಲಿ ಇನ್ನೂ ಎಷ್ಟು ಮಕ್ಕಳು ತಮ್ಮ ಸ್ವರವನ್ನು ಹೊತ್ತುಕೊಂಡು ಈ ಬಾಗಿಲಿನಿಂದ ಹೊರಗೆ ಹೋಗಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟರು.

"ಈಗ ಎಂತ ಮಾಡುವುದು ಸರ್?" ಎಂದಳು ಸಫಿಯಾ. "ಅಲ್ಲಿಗೆ ಹಾಕಿದ್ರೆ ಅಲ್ಲಿ ಇಂಗ್ಲಿಷು. ಇವಳು ಅಲ್ಲಿ ಎಂತ ಮಾಡ್ತಾಳೆ? ಇಲ್ಲಿ ಇಟ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಸಿಟ್ಟು ಬಂದಿರಬೇಕು, ಆದರೆ ಮಾಸ್ಟ್ರ ಮೇಲೆ ಸಿಟ್ಟು ಮಾಡುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. "ನೀವೇ ಹೇಳಿ. ನೀವು ಹೇಳಿದ ಹಾಗೆ ಮಾಡ್ತೇನೆ."

ಮಾಸ್ಟ್ರು ಬೋರ್ಡು ಒರೆಸಿದರು. ಏನು ಮಾಡಬೇಕೆಂದು ಅವರಿಗೂ ತಿಳಿದಿರಲಿಲ್ಲ. ಮೊದಲು ತಾನು ಓದದೆ ಇನ್ನೊಬ್ಬರಿಗೆ ಓದಲು ಕಲಿಸುವುದು ಹೇಗೆ? ಅದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ. ಚಾಕ್‌ಪೀಸು ತೆಗೆದುಕೊಂಡು 'ಕೊಡೆ' ಎಂದು ಬರೆದರು, ಎರಡೇ ಎರಡು ಅಕ್ಷರ. ಬರೆದು ಅದರ ಕೆಳಗೆ ಬೆತ್ತ ಇಟ್ಟರು.

ತಾಯಿ, ಮಗಳು ಇಬ್ಬರೂ ಮುಂದೆ ಬಂದು ಪಕ್ಕಪಕ್ಕ ನಿಂತರು. ಬೋರ್ಡನ್ನು ನೋಡಲಿಲ್ಲ. ಇಬ್ಬರೂ ಕಾಯುತ್ತಾ ಮಾಸ್ಟ್ರ ಬಾಯಿಯನ್ನೇ ನೋಡಿದರು. ಮಾಸ್ಟ್ರ ತುಟಿ ತಾನಾಗಿಯೇ ತೆರೆಯಿತು. ಅವರು ಚಾಕಿನ ಪುಡಿ ಮೆತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡರು.